ಕೈಯಲ್ಲಿ ಮಾಡಿದ ಸೋಪಿನ ವ್ಯಾಪಾರ: ಮೊದಲ ತೂಕದಿಂದ ಮೊದಲ ಮಾರಾಟದವರೆಗೆ

ಸೋಪು ಮಾಡುವುದು ಒಂದೆರಡು ಗಂಟೆಯ ಕೆಲಸ. ಅದು ಮಾರುವ ಹದಕ್ಕೆ ಬರುವುದು ಆರು ವಾರಕ್ಕೆ. ಈ ವ್ಯಾಪಾರದ ಕಷ್ಟವೆಲ್ಲ ನಡುವಿನ ಆ ಆರು ವಾರದಲ್ಲೇ ಇದೆ. ಹಣ ಕೈಯಿಂದ ಹೋಗಿರುತ್ತದೆ, ಸೋಪು ಮರದ ಹಲಗೆಯ ಮೇಲೆ ಸುಮ್ನೆ ಕೂತಿರುತ್ತದೆ. ಆ ಕಾಯುವಿಕೆಯನ್ನು ಲೆಕ್ಕಕ್ಕೆ ತಂದುಕೊಂಡು ಶುರು ಮಾಡಿದರೆ ಮೈಸೂರು, ಮಂಡ್ಯದ ಸಾಧಾರಣ ಮನೆಯವರೂ ಈ ಕೆಲಸವನ್ನು ನಿಭಾಯಿಸಬಹುದು.

ಮೊದಲು ಲೈಸೆನ್ಸ್

ಮನೆಯಲ್ಲಿ ಮಾಡಿದ್ದು, ಸ್ವಲ್ಪವೇ ಮಾಡಿದ್ದು ಎಂಬ ಕಾರಣಕ್ಕೆ ಕಾನೂನು ವಿನಾಯಿತಿ ಕೊಡುವುದಿಲ್ಲ. ಮೈಗೆ ಹಚ್ಚುವ ಸೋಪು ನಮ್ಮಲ್ಲಿ ಕಾಸ್ಮೆಟಿಕ್. ಮಾರಲು ತಯಾರಿಸುವವರು 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಂದ ತಯಾರಿಕಾ ಲೈಸೆನ್ಸ್ ಪಡೆಯಬೇಕು. ಇದಕ್ಕೆ ಬೇರೆಯದೇ ಸ್ವಚ್ಛ ಜಾಗ ಬೇಕು. ಅಡುಗೆ ಮನೆಯ ಕಟ್ಟೆ ಸಾಲದು. ಕೆಲಸ ನೋಡಿಕೊಳ್ಳಲು ನಿಯಮ ಹೇಳುವ ಅರ್ಹತೆ ಇರುವ ಒಬ್ಬರೂ ಬೇಕು. ಜಾಗಕ್ಕೆ ಅಡ್ವಾನ್ಸ್ ಕೊಡುವ ಮೊದಲೇ ಕಚೇರಿಗೆ ಹೋಗಿ, ಏನೇನು ಬೇಕೆಂದು ಕೇಳಿ ಬರೆದುಕೊಂಡು ಬನ್ನಿ. ಸ್ವಂತ ಜಾಗ ಹೊಂದಿಸಲು ಆಗದವರು ಲೈಸೆನ್ಸ್ ಇರುವ ಘಟಕವೊಂದರಲ್ಲಿ ತಮ್ಮ ಸೋಪು ಮಾಡಿಸಲು ಲೋನ್ ಲೈಸೆನ್ಸ್ ಎಂಬ ದಾರಿಯೂ ಇದೆ. ಕಾಸ್ಟಿಕ್ ಸೋಡಾ (ಎಣ್ಣೆಯನ್ನು ಸೋಪಾಗಿಸುವ ತೀಕ್ಷ್ಣ ಕ್ಷಾರ) ಮುಟ್ಟದೆ, ಸಿದ್ಧ ಸೋಪ್ ಬೇಸ್ ಕರಗಿಸಿ ಅಚ್ಚಿಗೆ ಹೊಯ್ದು ಮಾರುವವರಿಗೂ ಇದೇ ನಿಯಮ.

ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಆನ್‌ಲೈನಿನಲ್ಲಿ ಉಚಿತ, ಆಧಾರ್ ಮತ್ತು ಪ್ಯಾನ್ ಬೇಕು. ಸಾಲ ಬೇಕಿದ್ದರೆ ಪಿಎಂಇಜಿಪಿ (ಪ್ರಧಾನ ಮಂತ್ರಿ ಉದ್ಯೋಗ ಸೃಷ್ಟಿ ಕಾರ್ಯಕ್ರಮ) ಯೋಜನೆ ನೋಡಿ. ಇದರಲ್ಲಿ ಹೆಣ್ಣುಮಕ್ಕಳಿಗೆ ಹಳ್ಳಿಯಲ್ಲಿ ಯೋಜನಾ ವೆಚ್ಚದ ಶೇ 35ರಷ್ಟು, ಪಟ್ಟಣದಲ್ಲಿ ಶೇ 25ರಷ್ಟು ಸಹಾಯಧನ ಇದೆ. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಬಹುದು.

ಲೈಸೆನ್ಸ್ ಕೈಗೆ ಬರುವವರೆಗಿನ ಸಮಯ ಕಲಿಯುವುದಕ್ಕೆ. ಆಗ ಮಾಡಿದ ಸೋಪು ಮನೆಯವರ ಬಚ್ಚಲಿಗೆ ಮಾತ್ರ.

ಒಂದೇ ಸೋಪು, ಒಂದೇ ಲೆಕ್ಕ

ಹತ್ತು ಬಗೆಯ ಸೋಪಿನಿಂದ ಶುರು ಮಾಡಬೇಡಿ. ಒಂದನ್ನು ಹಿಡಿದು, ಪ್ರತಿ ಸಲ ಒಂದೇ ಥರ ಬರುವಂತೆ ಮಾಡಿ. ಹೋದ ತಿಂಗಳ ಸೋಪೇ ಬೇಕು ಅಂತ ಬರುವ ಗಿರಾಕಿಯೇ ಈ ವ್ಯಾಪಾರಕ್ಕೆ ಆಧಾರ, ಅಲ್ವಾ?

ನಮ್ಮ ಕಡೆಗೆ ಹೊಂದುವ ಒಂದು ಲೆಕ್ಕ ಇಲ್ಲಿದೆ. ಕೊಬ್ಬರಿ ಎಣ್ಣೆ 500 ಗ್ರಾಂ, ಅಕ್ಕಿ ತೌಡಿನ ಎಣ್ಣೆ 400 ಗ್ರಾಂ, ಹರಳೆಣ್ಣೆ 100 ಗ್ರಾಂ. ಕೊಬ್ಬರಿ ಎಣ್ಣೆ ಗಟ್ಟಿತನ ಮತ್ತು ನೊರೆ ಕೊಡುತ್ತದೆ. ಮಂಡ್ಯ ಸುತ್ತಮುತ್ತ ಬೋರ್‌ವೆಲ್ಲಿನ ಗಡಸು ನೀರಲ್ಲಿ ಸ್ನಾನ ಮಾಡುವವರು ತುಂಬಾ ಜನ. ಗಡಸು ನೀರಲ್ಲೂ ನೊರೆ ಬರಬೇಕಾದರೆ ಕೊಬ್ಬರಿ ಎಣ್ಣೆ ಬೇಕೇ ಬೇಕು. ಆದರೆ ಅದೊಂದೇ ಆದರೆ ಚರ್ಮ ಒಣಗುತ್ತದೆ. ತೌಡಿನ ಎಣ್ಣೆ ಅದನ್ನು ಮೆದುಗೊಳಿಸುತ್ತದೆ, ಹರಳೆಣ್ಣೆ ನೊರೆ ಬೇಗ ಇಳಿಯದಂತೆ ಹಿಡಿಯುತ್ತದೆ.

ಪ್ರತಿ ಎಣ್ಣೆಗೂ ಅದು ಸೋಪಾಗಲು ಬೇಕಾದ ಕಾಸ್ಟಿಕ್ ಸೋಡಾದ ಪ್ರಮಾಣ ಬೇರೆ. ಒಂದು ಕೆ.ಜಿ. ಕೊಬ್ಬರಿ ಎಣ್ಣೆಗೆ ಸುಮಾರು 183 ಗ್ರಾಂ. ತೌಡಿನ ಎಣ್ಣೆ, ಹರಳೆಣ್ಣೆಗಳಿಗೆ ಸುಮಾರು 128 ಗ್ರಾಂ. ಮೇಲಿನ ಅಳತೆಗೆ 91.5, 51.2, 12.8. ಒಟ್ಟು 155.5 ಗ್ರಾಂ. ಇದರಲ್ಲಿ ಶೇ 5 ಕಡಿಮೆ ಮಾಡಿ 147 ಗ್ರಾಂ ಹಾಕಿ. ಆಗ ಸ್ವಲ್ಪ ಎಣ್ಣೆ ಸೋಪಾಗದೆ ಉಳಿಯುತ್ತದೆ, ಚರ್ಮಕ್ಕೆ ಒಳ್ಳೆಯದು. ನೀರು ಕಾಸ್ಟಿಕ್ಕಿನ ಎರಡರಷ್ಟು, ಅಂದರೆ 294 ಗ್ರಾಂ. ಡಿಸ್ಟಿಲ್ಡ್ ನೀರೇ ಆಗಲಿ.

ಎಣ್ಣೆ, ನೀರು ಎಲ್ಲವನ್ನೂ ತೂಗಬೇಕು. ಲೋಟ, ಚಮಚದ ಅಳತೆ ಇಲ್ಲಿ ನಡೆಯುವುದಿಲ್ಲ. ಒಂದು ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿಯೇ ನಿಮ್ಮ ಮೊದಲ ಖರೀದಿ. ಒಂದು ಎಣ್ಣೆ ಸಿಗಲಿಲ್ಲವೆಂದು ಇನ್ನೊಂದನ್ನು ಹಾಕಿದರೆ ಲೆಕ್ಕವನ್ನು ಮೊದಲಿಂದ ಮಾಡಿ. ಇದಕ್ಕೆಂದೇ ಇಂಟರ್‌ನೆಟ್ಟಿನಲ್ಲಿ ಉಚಿತ ಸೋಪ್ ಕ್ಯಾಲ್ಕುಲೇಟರ್‌ಗಳಿವೆ.

ಕಾಸ್ಟಿಕ್ ಜೊತೆ ಕೆಲಸ

ಈ ಭಾಗವನ್ನು ನಿಧಾನವಾಗಿ ಓದಿ. ಕಾಸ್ಟಿಕ್ ಸೋಡಾ ಕಣ್ಣಿಗೆ ಬಿದ್ದರೆ ದೃಷ್ಟಿ ಹೋಗಬಹುದು. ಕನ್ನಡಕದಂಥ ಕಣ್ಣುಕವಚ, ಉದ್ದ ಕೈಗವಸು, ತುಂಬುತೋಳಿನ ಬಟ್ಟೆ, ಮುಚ್ಚಿದ ಚಪ್ಪಲಿ ಹಾಕಿಕೊಳ್ಳಿ. ಕೂದಲು ಕಟ್ಟಿಕೊಳ್ಳಿ. ಮಕ್ಕಳು, ಸಾಕುಪ್ರಾಣಿಗಳು ಆ ಕೋಣೆಯಲ್ಲಿ ಇರಬಾರದು. ಕಿಟಕಿ ತೆರೆದಿರಲಿ.

ಅಲ್ಯುಮಿನಿಯಂ ಪಾತ್ರೆ ಬೇಡವೇ ಬೇಡ. ಕಾಸ್ಟಿಕ್ ಅದನ್ನು ತಿಂದು ಹೈಡ್ರೋಜನ್ ಅನಿಲ ಬಿಡುತ್ತದೆ. ಸ್ಟೀಲ್ ಅಥವಾ ಬಿಸಿ ತಡೆಯುವ ಗಟ್ಟಿ ಪ್ಲಾಸ್ಟಿಕ್ ಪಾತ್ರೆ ಬಳಸಿ. ಅದನ್ನು ಮತ್ತೆ ಅಡುಗೆಗೆ ತರಬೇಡಿ.

ನೀರಿಗೆ ಕಾಸ್ಟಿಕ್ ಹಾಕಬೇಕು, ಕಾಸ್ಟಿಕ್ಕಿಗೆ ನೀರು ಎಂದೂ ಸುರಿಯಬಾರದು. ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಸ್ವಲ್ಪ ಸ್ವಲ್ಪವೇ ಹಾಕುತ್ತಾ ಕಲಕಿ. ಒಲೆಯ ಮೇಲೆ ಇಡದಿದ್ದರೂ ನೀರು ಸುಡುವಷ್ಟು ಬಿಸಿಯಾಗುತ್ತದೆ, ಹೊಗೆಯಾಡುತ್ತದೆ. ಆ ಹೊಗೆ ಕುಡಿಯಬೇಡಿ. ಮೈಗೆ ಬಿದ್ದರೆ ಹುಳಿ, ವಿನೆಗರ್ ಹಚ್ಚಲು ಹೋಗಬೇಡಿ. ನಲ್ಲಿ ತಿರುಗಿಸಿ ಹರಿಯುವ ನೀರಲ್ಲಿ ಬಹಳ ಹೊತ್ತು ತೊಳೆಯಿರಿ. ಕಣ್ಣಿಗೆ ಬಿದ್ದರೆ ತೊಳೆದು ಆಸ್ಪತ್ರೆಗೆ ಓಡಿ.

ಕಾಸ್ಟಿಕ್ ನೀರು ಮತ್ತು ಎಣ್ಣೆ ಎರಡೂ 40ರಿಂದ 45 ಡಿಗ್ರಿಗೆ ಬಂದ ಮೇಲೆ ಎಣ್ಣೆಗೆ ಕಾಸ್ಟಿಕ್ ನೀರು ಹಾಕಿ, ಕೈ ಬ್ಲೆಂಡರಿನಲ್ಲಿ ಬಿಟ್ಟು ಬಿಟ್ಟು ತಿರುಗಿಸಿ. ಮಿಶ್ರಣ ತೆಳು ದೋಸೆ ಹಿಟ್ಟಿನ ಹದಕ್ಕೆ ಬಂದು, ಮೇಲೆ ಗೀಚಿದ ಗೆರೆ ಒಂದು ಕ್ಷಣ ನಿಂತರೆ ಸಾಕು. ಪರಿಮಳ ಸೇರಿಸಿ ಅಚ್ಚಿಗೆ ಹೊಯ್ಯಿರಿ. ಬಟರ್ ಪೇಪರ್ ಹಾಸಿದ ಮರದ ಪೆಟ್ಟಿಗೆ ಸಾಕು. ಒಂದೆರಡು ದಿನದಲ್ಲಿ ಗಟ್ಟಿಯಾದ ಮೇಲೆ ಕೈಗವಸು ಹಾಕಿಕೊಂಡೇ 12 ತುಂಡು ಮಾಡಿ. ಹಸಿಯಲ್ಲಿ ಒಂದೊಂದು 120 ಗ್ರಾಂ ಆಸುಪಾಸು ಇರುತ್ತದೆ. ಒಣಗಿದ ಮೇಲೂ 100 ಗ್ರಾಮಿಗೆ ಕಡಿಮೆಯಾಗಬಾರದು, ಲೇಬಲ್‌ನಲ್ಲಿ ಬರೆಯುವುದು ಅದನ್ನೇ ತಾನೆ.

ಆರು ವಾರ

ತುಂಡುಗಳನ್ನು ನೆರಳಲ್ಲಿ, ಗಾಳಿಯಾಡುವ ಮರದ ಹಲಗೆಯ ಮೇಲೆ ಒಂದಕ್ಕೊಂದು ತಾಗದಂತೆ ಇಡಿ. ನೀರು ಆರಿದಂತೆ ಸೋಪು ಗಟ್ಟಿಯಾಗುತ್ತದೆ, ಬಚ್ಚಲಲ್ಲಿ ಬೇಗ ಕರಗುವುದಿಲ್ಲ. ಮಳೆಗಾಲದಲ್ಲಿ ಸೋಪಿನೊಳಗಿನ ಗ್ಲಿಸರಿನ್ ಗಾಳಿಯ ತೇವ ಎಳೆದುಕೊಂಡು ಮೈಮೇಲೆ ಹನಿ ಮೂಡುತ್ತದೆ. ಸೋಪು ಕೆಟ್ಟಿಲ್ಲ. ಫ್ಯಾನ್ ಹಾಕಿ, ಒಂದೆರಡು ವಾರ ಜಾಸ್ತಿ ಬಿಡಿ. ಕಿತ್ತಳೆ ಬಣ್ಣದ ಚುಕ್ಕೆ ಮತ್ತು ಮುಗ್ಗಲು ವಾಸನೆ ಬಂದರೆ ಮಾತ್ರ ಎಣ್ಣೆ ಹಳಸಿದೆ ಎಂದರ್ಥ. ತೌಡಿನ ಎಣ್ಣೆಯಲ್ಲಿ ಈ ಅಪಾಯ ಇದೆ, ಅದಕ್ಕೇ ತಾಜಾ ಎಣ್ಣೆ ತನ್ನಿ.

ಈಗ ಹಣದ ಮಾತು. ವಾರಕ್ಕೆ 50 ಸೋಪು ಮಾರುವ ಆಸೆ ಇದ್ದರೆ ಯಾವಾಗಲೂ 300 ಸೋಪು ಹಲಗೆಯ ಮೇಲೆ ಇರಬೇಕು. ಒಂದಕ್ಕೆ 50 ರೂಪಾಯಿ ಖರ್ಚು ಹಿಡಿದರೆ 15,000 ರೂಪಾಯಿ ಅಲ್ಲಿ ಕೂತಿರುತ್ತದೆ. ಮಾರಾಟ ದುಪ್ಪಟ್ಟಾದರೆ ಇದೂ ದುಪ್ಪಟ್ಟು. ದೊಡ್ಡ ಆರ್ಡರ್ ಬಂತೆಂದು ಮೂರು ವಾರದ ಸೋಪು ಕೊಟ್ಟು ಕಳಿಸುವ ಆಸೆ ಬರುವುದು ಇಲ್ಲೇ. ದಯವಿಟ್ಟು ಕೊಡಬೇಡಿ. ಆ ಸೋಪು ಎರಡೇ ದಿನಕ್ಕೆ ಲೊಳಲೊಳ ಆಗುತ್ತದೆ, ಗಿರಾಕಿ ಮತ್ತೆ ಬರುವುದಿಲ್ಲ.

ಪರಿಮಳ, ಹೆಸರು

ಮಲ್ಲಿಗೆ ಹೂವನ್ನೇ ಸೋಪಿಗೆ ಹಾಕಿದರೆ ಘಮ ಉಳಿಯುವುದಿಲ್ಲ, ಎಸಳು ಕಂದುಗಟ್ಟುತ್ತದೆ. ಪರಿಮಳಕ್ಕೆ ಎಸೆನ್ಶಿಯಲ್ ಆಯಿಲ್ (ಗಿಡಗಳಿಂದ ತೆಗೆದ ಸುಗಂಧ ತೈಲ) ಅಥವಾ ಸೋಪಿಗೆಂದೇ ಮಾಡಿದ ಸುಗಂಧ ಬೇಕು. ಕೆ.ಜಿ. ಎಣ್ಣೆಗೆ 25 ಗ್ರಾಂ ಸಾಕು. ಲವಂಗ, ದಾಲ್ಚಿನ್ನಿ ಎಣ್ಣೆ ಚರ್ಮ ಉರಿಸುತ್ತವೆ, ಹೊಸಬರಿಗೆ ಬೇಡ. ಮಂಡ್ಯದ ಬೆಲ್ಲ ಒಂದು ಚಮಚ ನೀರಲ್ಲಿ ಕರಗಿಸಿ ಕೊನೆಗೆ ಸೇರಿಸಿದರೆ ನೊರೆ ಹೆಚ್ಚುತ್ತದೆ. ಜಾಸ್ತಿಯಾದರೆ ಅಚ್ಚಿನಲ್ಲೇ ಬಿಸಿಯೇರಿ ಬಿರುಕು ಬಿಡುತ್ತದೆ.

ಗಂಧದ ವಿಷಯದಲ್ಲಿ ಪ್ರಾಮಾಣಿಕರಾಗಿರಿ. ಅಸಲಿ ಶ್ರೀಗಂಧದ ಎಣ್ಣೆ ಬಹಳ ದುಬಾರಿ, ಅಗ್ಗಕ್ಕೆ ಸಿಗುವುದು ಕೃತಕ ಸುಗಂಧ. ಅದನ್ನು ಹಾಕಿ ‘ಶುದ್ಧ ಗಂಧ’ ಅಂತ ಬರೆಯಬೇಡಿ. ನಾಲ್ವಡಿಯವರ ಕಾಲದಲ್ಲಿ ಶುರುವಾದ ಸರ್ಕಾರಿ ಕಾರ್ಖಾನೆಯ ಮೈಸೂರು ಸ್ಯಾಂಡಲ್ ಸೋಪಿಗೆ ಭೌಗೋಳಿಕ ಗುರುತಿನ ರಕ್ಷಣೆ ಇದೆ. ಆ ಹೆಸರನ್ನು ಹೋಲುವಂತೆ ನಿಮ್ಮ ಸೋಪಿಗೆ ಹೆಸರಿಡಬೇಡಿ. ಇಸುಬು ವಾಸಿಯಾಗುತ್ತದೆ, ಮೊಡವೆ ಹೋಗುತ್ತದೆ ಎಂದು ಬರೆದರೆ ಔಷಧದ ಕಾನೂನು ನಿಮ್ಮ ಮೇಲೆ ಬರುತ್ತದೆ.

ಬೆಲೆ ಮತ್ತು ಮಾರಾಟ

ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳೋಣ. 12 ಸೋಪಿಗೆ ಎಣ್ಣೆ 280 ರೂಪಾಯಿ, ಕಾಸ್ಟಿಕ್ ಮತ್ತು ಪರಿಮಳ 100, ಹೊದಿಕೆ ಮತ್ತು ಲೇಬಲ್ 72, ನಿಮ್ಮ ಕೂಲಿ 200. ಒಟ್ಟು 652. ಒಂದು ಸೋಪಿಗೆ 54 ರೂಪಾಯಿ. ಕೂಲಿ ಬಿಟ್ಟು ಲೆಕ್ಕ ಹಾಕುವ ಅಭ್ಯಾಸ ನಮ್ಮ ಹೆಣ್ಣುಮಕ್ಕಳಲ್ಲಿ ತುಂಬಾ ಇದೆ. ಅದು ಬೇಡ. 100 ರೂಪಾಯಿಗೆ ಮಾರುವ ಸೋಪನ್ನು ಅಂಗಡಿಯವರು ಶೇ 35 ಇಟ್ಟುಕೊಂಡು ಮಾರಿದರೆ ನಿಮಗೆ ಬರುವುದು 65. ಉಳಿಯುವುದು 11 ರೂಪಾಯಿ. ಒಡೆದ ತುಂಡು, ಸ್ಯಾಂಪಲ್, ಆಟೋ ಬಾಡಿಗೆ ಎಲ್ಲ ಅದರಲ್ಲೇ. ಆದ್ದರಿಂದ ಶುರುವಿನಲ್ಲಿ ಆದಷ್ಟೂ ನೇರವಾಗಿ ಮಾರಿ.

ಲೇಬಲ್‌ನಲ್ಲಿ ಹೆಸರು, ವಿಳಾಸ, ಬಳಸಿದ ವಸ್ತುಗಳು, ತೂಕ, ಎಂಆರ್‌ಪಿ, ಬ್ಯಾಚ್ ನಂಬರ್, ಲೈಸೆನ್ಸ್ ನಂಬರ್, ತಯಾರಾದ ತಿಂಗಳು, ಬಳಸಬೇಕಾದ ಅವಧಿ, ದೂರು ಹೇಳಲು ಫೋನ್ ನಂಬರ್ ಇರಬೇಕು. ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ರಾಜ್ಯದೊಳಗಿನ ಮಾರಾಟಕ್ಕೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಹೊರರಾಜ್ಯಕ್ಕೆ ಕಳಿಸುವ ಮುನ್ನ ಲೆಕ್ಕಪರಿಶೋಧಕರನ್ನು ಕೇಳಿ.

ಮೈಸೂರಿನವರಿಗೆ ದೊಡ್ಡ ಸಂತೆ ದಸರಾ. ನವರಾತ್ರಿಗೆ ಸೋಪು ಹದವಾಗಿರಬೇಕಾದರೆ ವರಮಹಾಲಕ್ಷ್ಮಿ ಹಬ್ಬದ ಹೊತ್ತಿಗೇ ಅಚ್ಚಿನಿಂದ ಹೊರಗೆ ಬಂದು ಹಲಗೆ ಏರಿರಬೇಕು. ಅದೂ ಮಳೆಗಾಲ, ಇನ್ನೊಂದು ವಾರ ಮುಂಚೆಯೇ ಆದರೆ ಇನ್ನೂ ಒಳ್ಳೆಯದು. ಪ್ರತಿ ಬ್ಯಾಚಿನ ತೂಕ, ಎಣ್ಣೆ ತಂದ ಅಂಗಡಿ, ಅಚ್ಚಿಗೆ ಹೊಯ್ದ ದಿನವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಒಂದು ಸೋಪನ್ನು ಎತ್ತಿಡಿ. ಯಾರಾದರೂ ತುರಿಕೆ ಬಂತು ಅಂತ ಫೋನ್ ಮಾಡಿದರೆ ಬಳಸುವುದನ್ನು ನಿಲ್ಲಿಸಲು ಹೇಳಿ, ಹಣ ವಾಪಸ್ ಕೊಡಿ, ಬ್ಯಾಚ್ ನಂಬರ್ ಕೇಳಿಕೊಂಡು ಆ ಪುಟ ತೆಗೆಯಿರಿ.