ಹಳೆಯ ಕಲಾಕೃತಿಯ ಫೋಟೋ ಪ್ರತಿಯನ್ನು ಗುರುತಿಸುವ ಬಗೆ

ವಿಜಯಪುರದ ಹಳೆಯ ವಾಡೆಗಳ ಪಡಸಾಲೆಯಲ್ಲಿ ತೂಗುಹಾಕಿದ ಅಥವಾ ಟ್ರಂಕಿನ ತಳದಲ್ಲಿ ಉಳಿದ ಚಿತ್ರವು ಕೈಯಿಂದ ಬರೆದದ್ದೋ, ವರ್ಣಚಿತ್ರವೊಂದರ ಫೋಟೋ ಪ್ರತಿಯೋ ಎಂಬುದನ್ನು ತಿಳಿಯಲು 10 ಪಟ್ಟು ಹಿಗ್ಗಿಸುವ ಭೂತಗನ್ನಡಿ ಸಾಕು. ಕೈ ಒಣಗಿರಲಿ; ಚಿತ್ರವನ್ನು ನಮ್ಮ ಕಡೆಯ ಕಡುಬಿಸಿಲಿಗೆ ಒಡ್ಡದೆ ಕಿಟಕಿಯ ಪಕ್ಕದ ನೆರಳಿನಲ್ಲಿ ನೋಡಬೇಕು.

ಸಮ ಅಂತರದಲ್ಲಿ ಸಾಲುಸಾಲಾಗಿ ಚುಕ್ಕೆಗಳು ಕಂಡರೆ ಅದು ಹಾಫ್‌ಟೋನ್ ಮುದ್ರಣ, ಅಂದರೆ ಫೋಟೋವನ್ನು ಚುಕ್ಕೆಗಳಾಗಿ ಒಡೆದು ಮಸಿಯಿಂದ ಅಚ್ಚು ಹಾಕಿದ್ದು. ಹುಳು ಹರಿದಂತೆ ಸುರುಳಿಸುರುಳಿಯಾದ ಸೂಕ್ಷ್ಮ ಗೆರೆಗಳಿದ್ದರೆ ಕೊಲೊಟೈಪ್, ಅಂದರೆ ಜಿಲೆಟಿನ್ ಲೇಪಿಸಿದ ಅಚ್ಚಿನಿಂದ ಮುದ್ರಿಸಿದ್ದು. ಅಚ್ಚಿನ ಮೇಲಿನ ಜಿಲೆಟಿನ್ ಪದರ ಸುಕ್ಕುಗಟ್ಟಿದ ಗುರುತು ಅದು.

ಚುಕ್ಕೆಗಳೇ ಇಲ್ಲದೆ ಕಂದುಬಣ್ಣ ನಯವಾಗಿ ಹರಡಿದ್ದರೆ ಇನ್ನಷ್ಟು ಹೊತ್ತು ನೋಡಿ; ಅದು ಆಲ್ಬುಮೆನ್ ಅಥವಾ ಕಾರ್ಬನ್ ಎಂಬ ಬಗೆಯ ಫೋಟೋ ಪ್ರತಿಯಾಗಿರಬಹುದು. 1850ರಲ್ಲಿ ಫ್ರಾನ್ಸಿನ ಛಾಯಾಗ್ರಾಹಕ ಬ್ಲಾಂಕಾರ್-ಎವ್ರಾರ್ ಬಳಕೆಗೆ ತಂದ ಆಲ್ಬುಮೆನ್ ವಿಧಾನದಲ್ಲಿ ತೆಳು ಕಾಗದಕ್ಕೆ ಮೊಟ್ಟೆಯ ಬಿಳಿಭಾಗ ಸವರಿ, ಬೆಳ್ಳಿಯ ಲವಣದಿಂದ ಅದನ್ನು ಬೆಳಕಿಗೆ ಸ್ಪಂದಿಸುವಂತೆ ಮಾಡುತ್ತಿದ್ದುದರಿಂದ ಮೇಲ್ಮೈ ಮಿರುಗುತ್ತದೆ, ಬಿಳಿಯ ಜಾಗ ಹಳದಿಗೆ ತಿರುಗಿರುತ್ತದೆ, ಹಿಂದೆ ರಟ್ಟು ಅಂಟಿರುತ್ತದೆ. 1864ರಲ್ಲಿ ಇಂಗ್ಲೆಂಡಿನ ಸಂಶೋಧಕ ಜೋಸೆಫ್ ಸ್ವಾನ್ ಪೇಟೆಂಟ್ ಪಡೆದ ಕಾರ್ಬನ್ ಪ್ರತಿಯಲ್ಲಿ ಬೆಳ್ಳಿಯ ಬದಲು ವರ್ಣದ್ರವ್ಯವಿರುವುದರಿಂದ ಅದು ಸುಲಭಕ್ಕೆ ಮಾಸುವುದಿಲ್ಲ; ಓರೆಬೆಳಕಿನಲ್ಲಿ ಕಪ್ಪು ಭಾಗಗಳು ಕೂದಲೆಳೆಯಷ್ಟು ಉಬ್ಬಿ ಕಾಣುತ್ತವೆ. ಫ್ರಾನ್ಸಿನ ಛಾಯಾಗ್ರಾಹಕ ಆಡಾಲ್ಫ್ ಬ್ರೌನ್ ಯುರೋಪಿನ ವಸ್ತುಸಂಗ್ರಹಾಲಯಗಳ ಚಿತ್ರಗಳನ್ನು ಈ ವಿಧಾನದಲ್ಲೇ ಪ್ರತಿಮಾಡಿದರು. ಚಿತ್ರಕಾರನ ಕುಂಚಕ್ಕೆ ಇಷ್ಟು ನ್ಯಾಯ ಒದಗಿಸಿದ ವಿಧಾನ ಆ ಕಾಲದಲ್ಲಿ ಮತ್ತೊಂದಿಲ್ಲ ಎಂದೇ ನನ್ನ ಅಭಿಪ್ರಾಯ.

ಯಾವ ಪ್ರತಿಯನ್ನೂ ಒದ್ದೆ ಬಟ್ಟೆಯಿಂದ ಒರೆಸಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ರಟ್ಟಿನಿಂದ ಕೀಳಲು ಹೋದರೆ ತೆಳು ಕಾಗದ ಹರಿದೇ ಹೋಗುತ್ತದೆ.