ಪಾಚಿ ತಿನ್ನುವ ಮೀನಿಗೂ ಊಟ ಹಾಕಬೇಕು

ಅಕ್ವೇರಿಯಂ ಗಾಜಿಗೆ ಪಾಚಿ ಹತ್ತಿದರೆ ಎಲ್ಲರೂ ಹೇಳುವುದು ಒಂದೇ ಮಾತು: "ಪಾಚಿ ತಿನ್ನೋ ಮೀನು ತಂದು ಬಿಡಿ, ಉಜ್ಜೋ ಕೆಲಸ ತಪ್ಪುತ್ತೆ." ನಾನೂ ನಂಬಿ ತಂದೆ. ಹದಿನೈದು ದಿನಕ್ಕೆ ಗಾಜು ಫಳಫಳ. ನನಗೆ ಖುಷಿಯೋ ಖುಷಿ. ಮತ್ತೊಂದು ತಿಂಗಳಲ್ಲಿ ಮೀನಿನ ಹೊಟ್ಟೆ ಒಳಕ್ಕೆ ಹೋಗಿ, ಒಂದು ಬೆಳಿಗ್ಗೆ ಕಲ್ಲಿನ ಸಂದಿಯಲ್ಲಿ ಸತ್ತು ಬಿದ್ದಿತ್ತು. ಕಾಯಿಲೆ ಗೀಯಿಲೆ ಏನಲ್ಲ, ಪಾಪ, ಉಪವಾಸ. ಗಾಜು ಚೊಕ್ಕವಾಯಿತು ಅಂದರೆ ಅದರ ತಟ್ಟೆ ಖಾಲಿಯಾಯಿತು ಅಂತ ಅರ್ಥ, ಅಲ್ವಾ? ಅದು ನನಗೆ ಹೊಳೆಯಲೇ ಇಲ್ಲ.

ತರುವ ಮೊದಲು ಯಾವ ಮೀನು ಅಂತ ನೋಡಿಕೊಳ್ಳಿ. ನಾನೀಗ ಸಾಕುತ್ತಿರುವುದು ಸಯಾಮೀಸ್ ಆಲ್ಗೀ ಈಟರ್. ಆಗ್ನೇಯ ಏಷ್ಯಾದ ಹೊಳೆ, ತೊರೆಗಳ ಮೀನು. ಮೈಯುದ್ದಕ್ಕೂ ಒಂದು ಕಪ್ಪು ಪಟ್ಟೆ ಇರುತ್ತದೆ, ಅದು ಬಾಲದ ರೆಕ್ಕೆಯ ತುದಿವರೆಗೂ ಹೋಗುತ್ತದೆ. ಗಿಡಗಳಿಗೆ ಗಡ್ಡದ ಹಾಗೆ ಹತ್ತುವ ಕಪ್ಪು ಪಾಚಿಯನ್ನೂ ಇದು ತಿನ್ನುತ್ತದೆ. ಚೈನೀಸ್ ಆಲ್ಗೀ ಈಟರ್ ಅಂತ ಸಿಗುವುದೇ ಬೇರೆ. ಅದಕ್ಕೆ ಕಿವಿರಿನ ಮೇಲ್ಗಡೆ ಇನ್ನೊಂದು ಚಿಕ್ಕ ತೂತು ಇದೆ. ಬಾಯಿ ಕಲ್ಲಿಗೆ ಕಚ್ಚಿಕೊಂಡಿದ್ದರೂ ಅಲ್ಲಿಂದಲೇ ನೀರು ಎಳೆದು ಉಸಿರಾಡುತ್ತದೆ. ನೋಡಲು ಚೆಂದವೇ. ಆದರೆ ಬೆಳೆದರೆ 25 ಸೆಂಟಿಮೀಟರ್ ದಾಟೀತು. ಆಗ ಪಾಚಿ ಬಿಟ್ಟು ಬೇರೆ ಮೀನುಗಳ ಮೈಗೆ ಅಂಟಿಕೊಂಡು ಲೋಳೆ ಕೆರೆಯಲು ಶುರು ಮಾಡುತ್ತದೆ. ಸಣ್ಣ ತೊಟ್ಟಿಗೆ ಅದು ಬೇಡವೇ ಬೇಡ.

ಹೊಳೆಯ ಮೀನಿಗೆ ಹರಿಯುವ ನೀರು ಬೇಕು. ಫಿಲ್ಟರಿನ ಬಾಯಿ ನೀರಿನ ಮೇಲ್ಮೈಯನ್ನು ಕಲಕುವಂತೆ ಇಡಿ. ನೀರು 24ರಿಂದ 26 ಡಿಗ್ರಿ ಇದ್ದರೆ ಸಾಕು. ಬಿಸಿ ಏರಿದಷ್ಟೂ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಸಯಾಮೀಸ್ ಕೂಡ 15 ಸೆಂಟಿಮೀಟರ್ ಬೆಳೆಯುವುದರಿಂದ ತೊಟ್ಟಿ 100 ಲೀಟರಿಗಿಂತ ಚಿಕ್ಕದಾಗುವುದು ಬೇಡ. ಮುಚ್ಚಳ ಮರೆಯಬೇಡಿ, ಹಾರುವುದರಲ್ಲಿ ಎತ್ತಿದ ಕೈ. ಹೊಸ ತೊಟ್ಟಿಗಂತೂ ತಂದ ದಿನವೇ ಬಿಡಬೇಡಿ. ನಾಲ್ಕರಿಂದ ಆರು ವಾರ ಫಿಲ್ಟರ್ ಓಡಿ ನೀರು ಹದಕ್ಕೆ ಬರಲಿ, ಅಷ್ಟರಲ್ಲಿ ಪಾಚಿಯೂ ಹತ್ತಿರುತ್ತದೆ.

ಈಗ ಊಟದ ವಿಷಯ. ನನ್ನ ಉಪಾಯ ಬಕೆಟ್ಟಿನದು. ವಾರಕ್ಕೊಮ್ಮೆ ತೊಟ್ಟಿಯ ಕಾಲು ಭಾಗ ನೀರು ಬದಲಿಸುತ್ತೇವಲ್ಲ, ಆ ಹಳೇ ನೀರನ್ನು ಚೆಲ್ಲಬೇಡಿ. ಬಕೆಟ್ಟಿಗೆ ಸುರಿದು, ಅಂಗೈ ಅಗಲದ ನುಣುಪು ಕಲ್ಲುಗಳನ್ನು ಮುಳುಗಿಸಿ ಬಿಸಿಲಿಗಿಡಿ. ಮೊದಲು ಕಲ್ಲು ಮುಟ್ಟಿದರೆ ಜಾರುತ್ತದೆ, ಆಮೇಲೆ ಕಂದು ಬಣ್ಣ, ಹತ್ತು ಹನ್ನೆರಡು ದಿನ ಕಳೆದರೆ ತೆಳುವಾಗಿ ಹಸಿರು. ಎರಡು ಕಲ್ಲು ತೊಟ್ಟಿಗೆ, ಮೀನು ಕೆರೆದು ಬೋಳು ಮಾಡಿದ ಎರಡು ಮತ್ತೆ ಬಕೆಟ್ಟಿಗೆ. ಕಲ್ಲು ಇಳಿಸಿದ ಸ್ವಲ್ಪ ಹೊತ್ತಿಗೇ ಮೀನು ಅದರ ಮೇಲೆ ರೆಕ್ಕೆ ಊರಿ ಕೂತು, ತುಟಿ ಒತ್ತಿ ಒತ್ತಿ ಮುಂದೆ ಸರಿಯುತ್ತದೆ. ಹೋದ ದಾರಿಯಲ್ಲಿ ಚಿಕ್ಕ ಚಿಕ್ಕ ಗೆರೆ ಬೀಳುತ್ತವೆ. ಟಿವಿಗಿಂತ ಇದನ್ನು ನೋಡುವುದೇ ವಾಸಿ. ಬಕೆಟ್ಟಿಗೆ ಮಾತ್ರ ಬಲೆ ಬಟ್ಟೆ ಕಟ್ಟಿ, ಇಲ್ಲದಿದ್ದರೆ ಪಾಚಿಯ ಜೊತೆಗೆ ಸೊಳ್ಳೆಯನ್ನೂ ಸಾಕಿದ ಹಾಗಾಗುತ್ತದೆ.

ಕಲ್ಲು ತಯಾರಿಲ್ಲದ ದಿನ ಸೌತೆಕಾಯಿ ಬಿಲ್ಲೆಯನ್ನು ಕುದಿನೀರಲ್ಲಿ ಒಂದು ನಿಮಿಷ ಅದ್ದಿ, ಆರಿಸಿ, ತಳಕ್ಕೆ ಮುಳುಗಿಸಿ. ಉಳಿದಿದ್ದನ್ನು ಮಾರನೇ ದಿನ ತೆಗೆಯಲೇಬೇಕು, ಕೊಳೆತರೆ ನೀರು ಕೆಡುತ್ತದೆ. ಬೇರೆ ಮೀನುಗಳಿಗೆ ಹಾಕುವ ಒಣ ಆಹಾರ ಜಾಸ್ತಿಯಾದರೂ ತೊಂದರೆಯೇ. ಅದರ ರುಚಿ ಹತ್ತಿದ ಸಯಾಮೀಸ್ ಪಾಚಿಯ ಕಡೆ ತಿರುಗಿಯೂ ನೋಡುವುದಿಲ್ಲ.

ದಿನಾ ಒಮ್ಮೆ ಮೀನು ಗಾಜಿನ ಹತ್ತಿರ ಬಂದಾಗ ಹೊಟ್ಟೆ ನೋಡಿ. ಸ್ವಲ್ಪ ಉಬ್ಬಿದ್ದರೆ ಸರಿ. ಚಪ್ಪಟೆಯಾಗಿದ್ದರೆ ಆವತ್ತೇ ಒಂದು ಕಲ್ಲು ಇಳಿಸಿ.