ಶ್ರೀಲಂಕಾದ ವವುನಿಯಾದಲ್ಲಿ ಕೃತಕ ಕಾಲು ರಿಪೇರಿ: ನನ್ನ ಅನುಭವ

ಮಾತುಕತೆ ಮಾಡಿಸದೆ ಶಾಂತಿ ಕೆಲಸ ಆಗಲ್ಲ ಅಂದವರೇ ಜಾಸ್ತಿ. ಆದರೂ ನಮ್ಮ ದಾರಿ ಗೆದ್ದಿತು. ಪ್ರತ್ಯೇಕ ತಮಿಳು ನಾಡಿಗಾಗಿ ಹೋರಾಡಿದ ಎಲ್‌ಟಿಟಿಇಯ ಮಾಜಿ ಹುಡುಗರನ್ನೂ ಅವರ ವಿರುದ್ಧ ಕಾದಾಡಿದ ಸಿಂಹಳೀಯ ಮಾಜಿ ಸೈನಿಕರನ್ನೂ ನಾವು ಒಟ್ಟಿಗೆ ಕೂರಿಸಿದ್ದು ಕೃತಕ ಕಾಲು ರಿಪೇರಿಗೆ.

ಮೊದಲು ನಾವೂ ಹೋಟೆಲ್ ಹಾಲ್‌ನಲ್ಲಿ ಸಂವಾದ ನಡೆಸಿದ್ದೆವು. ಕೆಜಿಎಫ್‌ನಲ್ಲಿ ಬೆಳೆದ ನನಗೆ ತಮಿಳು ಸಲೀಸು, ಸಿಂಹಳಕ್ಕೆ ದುಭಾಷಿ ಬೇಕು. ಬಸ್ಸು, ಊಟ, ರೂಮು ಎಲ್ಲ ಸೇರಿ ಒಂದು ವಾರಾಂತ್ಯಕ್ಕೆ ಅಲ್ಲಿನ ಎರಡು ಲಕ್ಷ ರೂಪಾಯಿ ಹತ್ತಿರ ಹೋಗುತ್ತಿತ್ತು. ತಮಿಳರು ಬಾಯಿ ಬಿಡಲಿಲ್ಲ. 2009ರ ಮೇನಲ್ಲಿ ಯುದ್ಧ ಮುಗಿದ ಮೇಲೆ ಸುಮಾರು 12,000 ಮಾಜಿ ಎಲ್‌ಟಿಟಿಇಯವರು ಸರ್ಕಾರದ ಪುನರ್ವಸತಿ ಮುಗಿಸಿ ಬಂದರು. ಊರಿಗೆ ಮರಳಿದರೂ ವಿಚಾರಣೆಯ ಭಯ ಬಿಟ್ಟಿರಲಿಲ್ಲ. ಅಂಥವರು ಸೈನಿಕನ ಎದುರು ಏನು ಹೇಳಿಯಾರು?

ನೆಲಬಾಂಬಿಗೆ ಕಾಲು ಕೊಟ್ಟವರು ಎರಡೂ ಕಡೆ ಇದ್ದಾರೆ. ಗದ್ದೆ ಕೆಸರಲ್ಲಿ ರಬ್ಬರ್ ಪಾದ ಸೀಳುತ್ತದೆ, ಮೋಟುಗಾಲು ಕೂರುವ ಬಟ್ಟಲು, ಅಂದರೆ ಸಾಕೆಟ್, ಉಜ್ಜಿ ಹುಣ್ಣಾಗುತ್ತದೆ. ಮುಲ್ಲೈತೀವಿನ ಮಾಜಿ ಎಲ್‌ಟಿಟಿಇ ಹುಡುಗನೊಬ್ಬ ಸೈನಿಕನ ಮೋಟುಗಾಲಿಗೆ ಲಿಪ್‌ಸ್ಟಿಕ್ ಹಚ್ಚಿ, ಸಾಕೆಟ್ ಹಾಕಿಸಿ ನಾಲ್ಕು ಹೆಜ್ಜೆ ನಡೆಸಿದ. ಬಿಚ್ಚಿ ನೋಡಿದರೆ ಒಳಗೆ ಒಂದೇ ಕಡೆ ದಟ್ಟ ಕೆಂಪು, ಒತ್ತುವ ಜಾಗ ಅದೇ. ಅಲ್ಲಿ ಬಿಸಿ ಕೊಟ್ಟು ಒತ್ತಿದ. ಸೈನಿಕ ಎದ್ದು ನಡೆದ, ಮುಂದಿನ ವಾರ ಅಣ್ಣನನ್ನೂ ಕರೆತಂದ. ಕಾಲು ಮುಟ್ಟಲು ಬಿಟ್ಟನಲ್ಲ, ನನಗೆ ಅದೇ ದೊಡ್ಡದು.  ತಿಂಗಳ ಖರ್ಚು ಹೋಟೆಲಿನ ಕಾಲು ಭಾಗಕ್ಕೆ ಇಳಿಯಿತು.

ನಡುವೆ ಒಮ್ಮೆ, ಕೂತು ಆಡುವ ವಾಲಿಬಾಲ್ ಕೂಡ ಆಡಿಸಿ ನೋಡಿದೆವು. ಎರಡನೇ ಸೆಟ್ಟಿಗೇ ಅದು ಮತ್ತೆ ಸೇನೆ–ಪುಲಿ (ಹುಲಿ, ಅಂದರೆ ಎಲ್‌ಟಿಟಿಇ) ಆಯಿತು. ಬೆರೆಸಿ ತಂಡ ಮಾಡಿದರೂ ಪಾಯಿಂಟಿಗೆ ಜಗಳ. ನಿಲ್ಲಿಸಿದೆವು.

ಇವರು ಹಳೆಯದನ್ನು ಮರೆತರು ಅಂತ ದುಡ್ಡು ಕೊಡುವವರಿಗೆ ನಾನು ಬರೆದುಕೊಡಲಿಲ್ಲ. ನವೆಂಬರ್ 27ಕ್ಕೆ ತಮಿಳರು ಸತ್ತ ಎಲ್‌ಟಿಟಿಇ ಹೋರಾಟಗಾರರಿಗೆ ದೀಪ ಹಚ್ಚುತ್ತಾರೆ. ಮೇ 18 ಅವರಿಗೆ ಮುಳ್ಳಿವಾಯ್ಕಾಲ್ ಸ್ಮರಣೆ, ಯುದ್ಧದ ಕೊನೆಗೆ ಅಲ್ಲಿ ಸತ್ತವರ ನೆನಪು; ಮರುದಿನ ಸೈನಿಕರಿಗೆ ಯುದ್ಧವೀರರ ದಿನ. ಆಗ ನಮ್ಮ ರಿಪೇರಿ ಶೆಡ್ಡಿಗೆ ಬೀಗ. ಯಾಕೆ ಅಂತ ಇಬ್ಬರಿಗೂ ಗೊತ್ತು, ಯಾರೂ ಕೆದಕಲ್ಲ. ಮೊದಲೆಲ್ಲ ತನ್ನ ದಳದ ಹೆಸರು ಹೇಳಿ ಪರಿಚಯ ಮಾಡಿಕೊಳ್ಳುತ್ತಿದ್ದ ಆ ಹುಡುಗನನ್ನು ಈಗ ಸುತ್ತಲಿನ ಸಿಂಹಳ ಹಳ್ಳಿಯವರು ಸಾಕೆಟ್ ಸರಿಮಾಡುವವನು ಅಂತ ಹುಡುಕಿಕೊಂಡು ಬರುತ್ತಾರೆ. ಎರಡೂ ಅವನೇ.

ಹೆಂಗಸರು ಇನ್ನೂ ಬಂದಿಲ್ಲ. ಹೋರಾಟದಲ್ಲಿದ್ದಳು ಅಂತ ಗೊತ್ತಾದರೆ ಮದುವೆ ಕಷ್ಟ ಅಲ್ವಾ? ಅವರಿಗೆ ಬೇರೆ ದಿನ, ಬೇರೆ ಜಾಗ ಹುಡುಕುತ್ತಿದ್ದೇವೆ.